ದಯವಿಟ್ಟು ಲೈನಿನಲ್ಲೇ ಇರಿ

ಮಾರ್ಚ್ 3, ಸೋಮವಾರ

ಇವತ್ತಿನಿಂದ ನಾನು ನೀರಿನ ಕಚೇರಿಯ ಆಸ್ಥಾನ ಸಂಗೀತಗಾರ್ತಿ. ನಗರದ ಹಳೆಯ ಪೈಪುಗಳನ್ನೆಲ್ಲ ಕಿತ್ತು ಹೊಸದು ಹಾಕುತ್ತಿದ್ದಾರೆ. ದಿನಕ್ಕೊಂದು ಬೀದಿಯಲ್ಲಿ ನಲ್ಲಿ ಬಂದ್. ಜನ ಬೈಯಲು ಫೋನ್ ಮಾಡುತ್ತಾರೆ, ಬೈಯುವ ಸರದಿ ಬರುವವರೆಗೆ ಹತ್ತು ನಿಮಿಷ ಕಾಯುತ್ತಾರೆ. ಆ ಹತ್ತು ನಿಮಿಷ ಅವರ ಕಿವಿಗೆ ಏನನ್ನಾದರೂ ತುಂಬಬೇಕು. ಹದಿನೆಂಟು ವರ್ಷದಿಂದ ನಾನು ಮಾಡುತ್ತಿರುವುದು ಇದನ್ನೇ. ಹಳೆಯ ಪಾಶ್ಚಾತ್ಯ ಶಾಸ್ತ್ರೀಯ ಕೃತಿಗಳನ್ನು ಸಿಂಥಸೈಜರಿನಲ್ಲಿ ನುಡಿಸಿ, ಮೂಲೆಗಳನ್ನು ಉಜ್ಜಿ ನುಣುಪು ಮಾಡಿ, ಲಿಫ್ಟಿಗೆ, ಹಲ್ಲಿನ ಡಾಕ್ಟರ ಕೋಣೆಗೆ, ಅಂಗಡಿಗೆ ಕಳಿಸುತ್ತೇನೆ. ಸರಕು ಚೆನ್ನಾಗಿದ್ದರೆ ಯಾರೂ ಗಮನಿಸುವುದಿಲ್ಲ. ಗಮನಿಸಿದರೆ ನಾನು ಸೋತ ಹಾಗೆ.

ನಮ್ಮ ಸ್ಟುಡಿಯೋದ ಯಜಮಾನರಿಗೆ ನಾನಿಟ್ಟ ಹೆಸರು ‘ಆಯ್ತಲ್ಲ’. ಕೆಲಸ ಹೇಳಿ ಮುಗಿಸುವ ಮೊದಲೇ ಅದು ಆಯಿತೇ ಎಂದು ಕೇಳುವವರು.

“ಎರಡು ನಿಮಿಷದ್ದು ಸಾಕು. ತಿರುಗಿ ತಿರುಗಿ ಬರ್ತಿರಬೇಕು. ಕೇಳಿದವರ ಸಿಟ್ಟು ಇಳೀಬೇಕು. ಆಯ್ತಲ್ಲ?”

“ಯಾವ ಕೃತಿ ಸಾರ್?”

ಅವರು ಗುನುಗಿದರು. ಗುನುಗು ಕೆಟ್ಟ ಪಂಪಿನಂತಿದ್ದರೂ ಗುರುತು ಸಿಕ್ಕಿತು. ಚೆಲ್ಲೊಗಾಗಿ, ಕೂತು ಮೊಣಕಾಲ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸುವ ಆ ದೊಡ್ಡ ಪಿಟೀಲಿಗಾಗಿ, ಇನ್ನೂರು ವರ್ಷದ ಹಿಂದೆ ಬರೆದ ನಿಧಾನದ ಕೃತಿ.

“ಅದು ಬೇಡ ಸಾರ್. ಬೇರೆ ಯಾವುದಾದ್ರೂ ಮಾಡಿಕೊಡ್ತೀನಿ.”

“ನೀರಿನವರು ಒಪ್ಪಿಬಿಟ್ಟಿದ್ದಾರಮ್ಮ. ಆಯ್ತಲ್ಲ.”

ಆಯಿತು. ಆ ಕೃತಿ ಚೆಲ್ಲೊ ಟೀಚರದ್ದು. ಬರೆದವರು ಅವರಲ್ಲ. ಆದರೆ ಸಂಗೀತ ಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಮಾಡಿದ ಅವರಿಗೆ, ಮಧ್ಯಾಹ್ನ ಕ್ಲಾಸಿಗೆ ಹೊರಡುವ ಮುಂಚೆ, ಬೆಳಿಗ್ಗೆ ಹನ್ನೊಂದಕ್ಕೆ ಅದೊಂದನ್ನು ನುಡಿಸದಿದ್ದರೆ ಊಟ ಸೇರುತ್ತಿರಲಿಲ್ಲ. ಈಗ ಅವರಿಗೆ ಎಪ್ಪತ್ತೊಂದು. ಬೆರಳಿನ ಗಂಟುಗಳು ಊದಿಕೊಂಡು ಹೋದ ವರ್ಷದಿಂದ ಚೆಲ್ಲೊ ಮೂಲೆ ಸೇರಿದೆ.

ಚೆಲ್ಲೊ ಟೀಚರೆಂದರೆ ನನ್ನನ್ನು ಹೆತ್ತವರು. ಅವರ ಶಿಷ್ಯರು ಕರೆಯುವಂತೆಯೇ ನಾನೂ ಕರೆಯುವುದೆಂದು ಜನವರಿಯಲ್ಲಿ ತೀರ್ಮಾನಿಸಿದ್ದೇನೆ. ನಾನು ಮಾಡುವುದನ್ನು ‘ಸಂಗೀತದ ಹೆಣ’ ಎಂದವರಿಗೆ ಇಷ್ಟು ಮರ್ಯಾದೆ ಧಾರಾಳವಾಯಿತು.

ಮಾರ್ಚ್ 5, ಬುಧವಾರ

ಬೆಳಿಗ್ಗೆ ಎಂಟಕ್ಕೇ ಮುದುಕಿಯನ್ನು ಎಬ್ಬಿಸಿದೆ. ಮುದುಕಿ ಎಂದರೆ ನನ್ನ ಹಳೆಯ ಸಿಂಥಸೈಜರ್. ಸ್ಟುಡಿಯೋದಲ್ಲಿ ಹೊಸ ಯಂತ್ರಗಳಿವೆ, ಒಂದು ಗುಂಡಿ ಒತ್ತಿದರೆ ಇಡೀ ವಾದ್ಯಮೇಳ ಎದ್ದು ನಿಲ್ಲುತ್ತದೆ. ಮುದುಕಿಗೆ ಅಂಥ ಚುರುಕಿಲ್ಲ. ಅರ್ಧ ಗಂಟೆ ಬೆಚ್ಚಗಾಗದೆ ಶ್ರುತಿ ನಿಲ್ಲಿಸುವುದಿಲ್ಲ, ಕಿಟಕಿ ತೆಗೆದರೆ ಮುನಿಸಿಕೊಂಡು ಇಳಿಯುತ್ತಾಳೆ. ಒಂದು ಸಲಕ್ಕೆ ಒಂದೇ ಸ್ವರ. ಮುಂದೆ ಚೆಲ್ಲೊ, ಹಿಂದೆ ಮೂರು ವಾದ್ಯ ಎಂದರೆ ನಾಲ್ಕು ಸಲ ನುಡಿಸಿ ಹೊದಿಕೆಯ ಮೇಲೆ ಹೊದಿಕೆ ಹಾಸಿದಂತೆ ಹಾಸಬೇಕು. ಆದರೂ ಈ ಕೆಲಸಕ್ಕೆ ಅವಳೇ ಬೇಕೆನಿಸಿತು. ಕಾರಣ ಕೇಳಿಕೊಳ್ಳಲಿಲ್ಲ.

ಫೋನಿನದು ಬೇರೆಯೇ ರಗಳೆ. ಫೋನೊಂದು ಜರಡಿ. ಮಾತು ತಿಳಿದರೆ ಸಾಕೆಂದು ಮಾಡಿದ್ದು, ಮಧ್ಯದ ಸ್ವರಗಳನ್ನು ಬಿಟ್ಟು ಮೇಲಿನದನ್ನೂ ಕೆಳಗಿನದನ್ನೂ ತಡೆಯುತ್ತದೆ. ಚೆಲ್ಲೊದ ಕೆಳ ತಂತಿಯಂತೂ ದಾಟುವುದೇ ಇಲ್ಲ. ಹಾಗೇ ಕಳಿಸಿದರೆ ಕೇಳುವವರಿಗೆ ಸೊಳ್ಳೆಯ ಅಳು ಸಿಗುತ್ತದೆ.

ಅದಕ್ಕೊಂದು ಉಪಾಯವಿದೆ. ಪ್ರತಿ ಸ್ವರದ ತಲೆಯ ಮೇಲೆ ಅದರದೇ ಸಣ್ಣ ಸಣ್ಣ ಸ್ವರಗಳು ಹುಟ್ಟಿರುತ್ತವೆ. ತಳದ್ದನ್ನು ತೆಗೆದುಹಾಕಿ ಮೇಲಿನ ಈ ಮರಿಗಳನ್ನು ಸರಿಯಾದ ಅಳತೆಯಲ್ಲಿ ಜೋಡಿಸಿಕೊಟ್ಟರೆ ಕಿವಿ ಮೋಸ ಹೋಗುತ್ತದೆ. ಇಲ್ಲದ ಕೆಳಸ್ವರವನ್ನು ತಾನೇ ಹುಟ್ಟಿಸಿಕೊಂಡು ಕೇಳುತ್ತದೆ. ಮಧ್ಯಾಹ್ನದವರೆಗೆ ಕೂತು ಅಂಥ ಒಂದು ಸ್ವರ ಮಾಡಿದೆ. ಪಕ್ಕದ ಕೋಣೆಗೆ ಹೋಗಿ ಸ್ಟುಡಿಯೋದ ಫೋನಿನಲ್ಲಿ ಕೇಳಿದರೆ, ಯಾರೋ ಗೋಡೆಯಾಚೆ ಕೂತು ಕೆಳ ತಂತಿಯನ್ನು ಎಳೆಯುತ್ತಿದ್ದಾರೆ. ರಿಸೀವರ್ ಹಿಡಿದು ಎಷ್ಟು ಹೊತ್ತು ನಿಂತಿದ್ದೆನೋ, ಆಯ್ತಲ್ಲ ಬಂದು ಯಾರ ಫೋನು ಎಂದು ಕೇಳಿದರು. ಯಾರದೂ ಇಲ್ಲ ಎಂದೆ.

ಮಾರ್ಚ್ 7, ಶುಕ್ರವಾರ

ಒಂದು ತಡೆಯ ಬಗ್ಗೆ ಜಗಳ.

ಈ ಕೃತಿಯಲ್ಲಿ ಎಲ್ಲಕ್ಕಿಂತ ಉದ್ದದ ಸ್ವರ ಎಲ್ಲಕ್ಕಿಂತ ಕೆಳಗಿನದೂ ಹೌದು. ಮೊದಲು ಅದನ್ನು ನೇರವಾಗಿ ಎಳೆದೆ. ಸುಳ್ಳೆನಿಸಿತು. ಮುಕ್ಕಾಲು ದಾರಿಯಲ್ಲಿ ಒಂದು ಸಣ್ಣ ತಡೆ ಇಟ್ಟೆ, ಕಮಾನಿನ ದಿಕ್ಕು ತಿರುಗಿಸಿದಾಗ ಆಗುತ್ತದಲ್ಲ, ರೆಪ್ಪೆ ಬಡಿದಷ್ಟು. ಆಮೇಲೆ ಸ್ವರ ಮುಂದುವರಿಯುತ್ತದೆ. ತಕ್ಷಣ ಎಲ್ಲ ಸರಿಹೋಯಿತು. ಕೃತಿ ಇರುವುದೇ ಹಾಗೆ.

ಆಯ್ತಲ್ಲ ಮುದ್ರಿತ ಹಾಳೆ ಮುಂದಿಟ್ಟುಕೊಂಡು ಕೇಳಿದರು. “ಇಲ್ಲಿ ಒಂದೇ ಎಳೆತ ಇದೆಯಲ್ಲಮ್ಮ. ನೀವು ಯಾಕೆ ಮಧ್ಯ ಕತ್ತರಿಸಿದ್ದೀರಿ?”

“ಹಾಳೆ ತಪ್ಪಿರಬೇಕು ಸಾರ್.”

“ಇನ್ನೂರು ವರ್ಷದಿಂದ ತಪ್ಪಾ?”

“ಇರಬಹುದು.”

ಅವರು ನನ್ನ ಮುಖ ನೋಡಿ ಹಾಳೆ ಮಡಚಿಟ್ಟರು. ನಾನು ಹಾಳೆ ನೋಡಿಯೇ ಇರಲಿಲ್ಲ. ಇಡೀ ಕೃತಿ ನೆನಪಿನಿಂದಲೇ ಬಂದಿತ್ತು. ಶಾಲೆಗೆ ಸೇರುವ ಮೊದಲು ದಿನವೂ ಹನ್ನೊಂದಕ್ಕೆ ಕೇಳುತ್ತಿದ್ದೆನಲ್ಲ. ಟೀಚರ ಕುರ್ಚಿಯ ಬಲಗಡೆ, ನೆಲದ ಮೇಲೆ, ಗೋಡೆಗೂ ಕುರ್ಚಿಗೂ ನಡುವಿನ ಸಂದಿ ನನ್ನ ಜಾಗ. ಎಷ್ಟು ಎಬ್ಬಿಸಿದರೂ ಅಲ್ಲಿಗೇ ಬಂದು ಕೂರುತ್ತಿದ್ದೆನಂತೆ. ಕಮಾನಿಗೆ ಹಚ್ಚಿದ ರಾಳದ ಪುಡಿ ಕೂದಲ ಮೇಲೆ ಬೀಳುತ್ತಿತ್ತು. ಬಿಸಿಲಿನಲ್ಲಿ ಅದು ಇಳಿದು ಬರುವುದನ್ನು ಬಾಯಿ ತೆರೆದು ನೋಡುತ್ತಿದ್ದೆ. ಕೆಲವು ಸಲ ಅಲ್ಲೇ ನಿದ್ದೆ.

ಇದನ್ನೆಲ್ಲ ಯಾಕೆ ಬರೆದೆ. ತಡೆ ಉಳಿಯಿತು, ಅಷ್ಟೇ.

ಮಾರ್ಚ್ 9, ಭಾನುವಾರ

ಅಣ್ಣ ಫೋನ್ ಮಾಡಿದ್ದ. ಅವನು ಟೈಲರ್. ಟೀಚರ ಜೊತೆಗೇ ಇದ್ದಾನೆ, ಮುಂದಿನ ಕೋಣೆಯಲ್ಲಿ ಅವನ ಹೊಲಿಗೆ ಮೆಷಿನ್, ಹಿಂದಿನ ಕೋಣೆಯಲ್ಲಿ ಅವರ ಕುರ್ಚಿ. ಇಲ್ಲಿಗೆ ಬಸ್ಸಿನಲ್ಲಿ ಇಪ್ಪತ್ತು ನಿಮಿಷ.

“ನೀವಿಬ್ರೂ ಹೀಗೇ ಇರ್ತೀರಾ? ನನಗೆ ಮಧ್ಯ ಅಂಚೆಯವನ ಕೆಲಸ ಸಾಕಾಯ್ತು.”

“ಅಂಚೆಯವನೇ, ಕೊಡು ಫೋನು.”

ಕೊಟ್ಟ. “ಹಲೋ” ಎಂದೆ. ಆ ಕಡೆ ಉಸಿರು ಕೇಳಿಸಿತು, ಆಮೇಲೆ ಟಕ್. ಟೀಚರು ಇಟ್ಟುಬಿಟ್ಟರು. ಎರಡು ತಿಂಗಳಲ್ಲಿ ಇದು ಐದನೆಯ ಸಲ.

ಬಟ್ಟೆ ಒಗೆದೆ. ಒಗೆಯಲು ಏನೂ ಇರಲಿಲ್ಲ, ಒಗೆದದ್ದನ್ನೇ ಒಗೆದೆ.

ಮಾರ್ಚ್ 12, ಬುಧವಾರ

ಇವತ್ತು ಬೆಳಿಗ್ಗೆಯಿಂದ ಸರಕು ಲೈನಿಗೆ ಬಂತು. ಸರಿಯಾಗಿ ಕೇಳಿಸುತ್ತದೋ ಇಲ್ಲವೋ ನೋಡಲು ಮನೆಯಿಂದಲೇ ನೀರಿನ ಕಚೇರಿಗೆ ಫೋನ್ ಮಾಡಿದೆ. “ನಿಮ್ಮ ಕರೆ ನಮಗೆ ಮುಖ್ಯ. ದಯವಿಟ್ಟು ಲೈನಿನಲ್ಲೇ ಇರಿ” ಎಂದು ಒಬ್ಬಳು ಹೇಳಿದಳು. ಆಮೇಲೆ ಶುರುವಾಯಿತು.

ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದೆ. ನನ್ನದೇ ಕೆಲಸ, ಪ್ರತಿ ತಿರುವೂ ಗೊತ್ತು, ಆದರೂ ಎಲ್ಲಿಂದಲೋ ಬರುತ್ತಿರುವಂತಿತ್ತು, ಬೀದಿಗಳ ಕೆಳಗೆ ನೀರು ಹೋಗುವ ದಾರಿಯಲ್ಲೇ ಹರಿದುಕೊಂಡು. ಇದೇ ಗಳಿಗೆಯಲ್ಲಿ ಇನ್ನೂ ಹತ್ತಾರು ಜನ ಇದನ್ನೇ ಕೇಳುತ್ತಿದ್ದಾರೆ ಎಂದು ಹೊಳೆಯಿತು. ಸೋಪು ಹಚ್ಚಿಕೊಂಡು ನಿಂತವರು, ಕೊಡ ಹಿಡಿದವರು, ಮಗುವನ್ನು ಸೊಂಟಕ್ಕೆ ಏರಿಸಿಕೊಂಡವರು. ಎಲ್ಲರೂ ಒಂದು ದೊಡ್ಡ ಕತ್ತಲೆ ಕೋಣೆಯಲ್ಲಿ ಸಾಲಾಗಿ ಕೂತಿದ್ದೇವೆ, ಯಾರಿಗೂ ಪಕ್ಕದವರು ಕಾಣುವುದಿಲ್ಲ. ಕೆಳಸ್ವರ ಬಂತು. ಇಲ್ಲದ್ದು, ಆದರೆ ಬಂತು. ಬಂದು, ತಡೆದು, ಮುಂದುವರಿಯಿತು. ಕಣ್ಣು ಮುಚ್ಚಿಕೊಂಡೆ.

ಕೊನೆಯ ಸ್ವರಕ್ಕೆ ಒಂದು ಹೆಜ್ಜೆ ಮೊದಲು ಇದನ್ನು ತಿರುಗಿಸಿ ಆರಂಭಕ್ಕೆ ಜೋಡಿಸಿದ್ದೇನೆ, ಹೊಲಿಗೆ ಕಾಣದ ಹಾಗೆ. ಕಾಯುವವರಿಗೆ ಮುಗಿಯಿತು ಎನ್ನಿಸಬಾರದು, ಅದು ನಮ್ಮ ವ್ಯಾಪಾರದ ನಿಯಮ. ನಾಲ್ಕನೆಯ ಸುತ್ತಿನಲ್ಲಿ ಯಾರೋ ಫೋನ್ ಎತ್ತಿ “ನೀರಿನ ಕಚೇರಿ, ಹೇಳಿ” ಎಂದಾಗ ನಿದ್ದೆಯಿಂದ ಎಬ್ಬಿಸಿದ ಹಾಗಾಯಿತು.

“ಏನೂ ಇಲ್ಲ. ನಮ್ಮಲ್ಲಿ ನೀರು ಬರ್ತಿದೆ” ಎಂದೆ.

“ಅದನ್ನ ಹೇಳೋಕೆ ಫೋನ್ ಮಾಡಿದ್ರಾ?” ಎಂದಳು ಪಾಪ.

ಮಾರ್ಚ್ 18, ಮಂಗಳವಾರ

ನೀರಿನ ಕಚೇರಿಯ ಫೋನು ಕೋಣೆಯ ಮೇಲ್ವಿಚಾರಕಿ ಖುದ್ದಾಗಿ ಸ್ಟುಡಿಯೋಗೆ ಬಂದರು. ದಪ್ಪ ಕನ್ನಡಕ, ಕುತ್ತಿಗೆಯಲ್ಲಿ ಹೆಡ್‌ಫೋನು ಇನ್ನೂ ನೇತಾಡುತ್ತಿತ್ತು, ತೆಗೆಯಲು ಮರೆತಿದ್ದರು. ಮನಸ್ಸಿನಲ್ಲೇ ಫೋನಕ್ಕ ಎಂದು ಹೆಸರಿಟ್ಟೆ.

“ಇದನ್ನ ಮಾಡಿದೋರು ಯಾರು?”

ಆಯ್ತಲ್ಲ ನನ್ನ ಕಡೆ ಕೈ ತೋರಿಸಿ ಎರಡು ಹೆಜ್ಜೆ ಹಿಂದೆ ಸರಿದರು.

“ಮೇಡಂ, ನನ್ನ ಹನ್ನೊಂದು ಹುಡುಗೀರಿಗೆ ಕೆಲಸ ಮಾಡೋಕೆ ಆಗ್ತಿಲ್ಲ. ಮೊದಲು ಜನ ಬೈಯ್ತಿದ್ರು. ಬೈದ್ರೆ ಒಳ್ಳೇದು, ಬೈಯೋರು ಬೇಗ ವಿಷಯಕ್ಕೆ ಬರ್ತಾರೆ. ಈಗ ಫೋನ್ ಎತ್ತಿದ್ರೆ ಅರೆನಿದ್ದೇಲಿ ಇರ್ತಾರೆ. ಜಗಳ ಮರೆತಿರ್ತಾರೆ, ಜಗಳದ ಜೊತೆ ಮನೆ ನಂಬರೂ ಮರೆತಿರ್ತಾರೆ! ನಿನ್ನೆ ಒಬ್ಬರು, ‘ಒಂದು ನಿಮಿಷ ತಾಳಮ್ಮ, ಈ ಸುತ್ತು ಮುಗೀಲಿ’ ಅಂದ್ರು. ನಾವು ಅವರನ್ನ ಕಾಯಿಸಬೇಕೋ, ಅವರು ನಮ್ಮನ್ನ ಕಾಯಿಸಬೇಕೋ?”

ನಗು ತಡೆಯಲು ತುಟಿ ಕಚ್ಚಿಕೊಂಡೆ. ಗಮನಿಸಿದರೆ ಸೋತ ಹಾಗೆ ಎಂದು ಬರೆದಿದ್ದೆನಲ್ಲ, ಆ ಲೆಕ್ಕದಲ್ಲಿ ಇದು ಹೀನಾಯ ಸೋಲು. ಮುಖ ಮಾತ್ರ ಬೆಚ್ಚಗಾಗಿತ್ತು.

ಹೋಗುವಾಗ ಫೋನಕ್ಕ ದನಿ ತಗ್ಗಿಸಿದರು. “ಇನ್ನೊಂದು ವಿಚಿತ್ರ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ ಒಂದು ಕರೆ ಬರತ್ತೆ. ಕಾಯ್ತಾ ಇರ್ತಾರೆ. ನಾವು ಎತ್ತಿದ ತಕ್ಷಣ ಇಟ್ಟುಬಿಡ್ತಾರೆ. ಎರಡು ನಿಮಿಷ ಬಿಟ್ಟು ಮತ್ತೆ ಅದೇ ನಂಬರು.” ಆಮೇಲೆ ಬಾಗಿಲಲ್ಲಿ ತಿರುಗಿ ನಿಂತು, “ಅದು ಕೊನೇಲಿ ಹೇಗೆ ಮುಗಿಯತ್ತೆ ಮೇಡಂ? ನಮ್ಮ ಹುಡುಗೀರು ಕೇಳ್ತಿದ್ರು” ಎಂದರು.

ಮಾರ್ಚ್ 23, ಭಾನುವಾರ

ಅಣ್ಣ ಮನೆಗೆ ಬಂದು ಹೇಳಿದ್ದನ್ನು ಹೇಳಿದ ಹಾಗೇ ಬರೆದಿಡುತ್ತೇನೆ.

“ಅಮ್ಮಂಗೆ ಏನೋ ಆಗಿದೆ ಕಣೇ. ಹತ್ತು ದಿನದ ಹಿಂದೆ ನಮ್ಮ ಬೀದೀಲಿ ನೀರು ನಿಂತಿತ್ತು, ನೀರಿನ ಕಚೇರಿಗೆ ಫೋನ್ ಮಾಡಿದ್ಲು. ಸರಿ. ಮಾರನೇ ದಿನವೇ ನೀರು ಬಂತು. ಇವಳು ಮಾತ್ರ ಫೋನ್ ನಿಲ್ಲಿಸಿಲ್ಲ. ದಿನಾ ಹನ್ನೊಂದು ಗಂಟೆಗೆ ಕುರ್ಚಿ ಎಳ್ಕೊಂಡು ಕೂರ್ತಾಳೆ, ರಿಸೀವರ್ ಕಿವಿಗೆ ಒತ್ಕೊಂಡು. ಒಂದು ಮಾತೂ ಆಡಲ್ಲ. ಮೆಷಿನ್ ನಿಲ್ಲಿಸು ಅಂತ ನನಗೆ ಸನ್ನೆ ಮಾಡ್ತಾಳೆ. ಎಲ್ಲರ ಅಮ್ಮಂದಿರು ಧಾರಾವಾಹಿ ನೋಡ್ತಾರೆ, ನಮ್ಮಮ್ಮ ನೀರಿನ ಕಚೇರಿ ಕೇಳ್ತಾಳೆ!”

ಬಾಗಿಲ ಹತ್ತಿರವೇ ನೆಲದ ಮೇಲೆ ಕೂತೆ.

“ಕೇಳ್ವಾಗ ಹೇಗಿರ್ತಾಳೆ?”

“ಹೇಗೆ ಅಂದ್ರೆ? ಬಲಗೈ ಮಡಿಲಲ್ಲಿ ಹೀಗೆ ಹೀಗೆ ಆಡ್ತಿರತ್ತೆ. ಡಾಕ್ಟರಿಗೆ ತೋರಿಸ್ಲಾ?”

“ಬೇಡ” ಎಂದೆ. “ತೋರಿಸ್ಬೇಡ. ಏನೂ ಕೇಳ್ಬೇಡ. ಹನ್ನೊಂದಕ್ಕೆ ಮೆಷಿನ್ ನಿಲ್ಲಿಸು, ಅಷ್ಟು ಸಾಕು.”

ಅವನಿಗೆ ಅದು ನನ್ನ ಕೆಲಸ ಎಂದು ಹೇಳಲಿಲ್ಲ. ಹೇಳಿದರೆ ಅವನ ಬಾಯಲ್ಲಿ ನಿಲ್ಲುವುದಿಲ್ಲ, ಅಮ್ಮ ನಾಚಿಕೊಂಡು ನಿಲ್ಲಿಸಿಬಿಡುತ್ತಾಳೆ. ಅವಳಿಗೆ ಗೊತ್ತಿದೆಯೋ ಇಲ್ಲವೋ. ಗೊತ್ತಿರಲಿ, ಗೊತ್ತಿಲ್ಲದಿರಲಿ, ಕೇಳುತ್ತಿದ್ದಾಳೆ.

ಮಾರ್ಚ್ 24, ಸೋಮವಾರ

ಹನ್ನೊಂದು ಗಂಟೆ. ಸ್ಟುಡಿಯೋದಲ್ಲಿ ಎಲ್ಲರೂ ಏನೋ ಮಾತಾಡುತ್ತಿದ್ದರು. ನಾನು ಗಡಿಯಾರ ನೋಡುತ್ತ ಕೂತಿದ್ದೆ.

ಮಾರ್ಚ್ 26, ಬುಧವಾರ

ಬೆಳಗಿನ ಜಾವ ಕನಸು. ಬೀದಿಗಳನ್ನೆಲ್ಲ ಅಗೆದಿದ್ದಾರೆ, ಒಳಗೆ ಪೈಪುಗಳ ಬದಲು ಉದ್ದುದ್ದ ತಂತಿಗಳು. ಅಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ತಂತಿಯ ಮೇಲೆ ನಡೆದು ಬರುತ್ತಿದ್ದಾಳೆ. ಅವಳು ಕಾಲಿಟ್ಟಲ್ಲೆಲ್ಲ ಸ್ವರ. ನಾನು ಈಚೆ ಕೊನೆಯಲ್ಲಿ ನಿಂತು ಕಿವಿಯಿಟ್ಟಿದ್ದೇನೆ. ಹತ್ತಿರ ಬಂದಳು, ಬಂದಳು, ಕೊನೆಯ ಹೆಜ್ಜೆಗೆ ಮೊದಲು ತಿರುಗಿ ವಾಪಸ್ ಹೋದಳು. ಕರೆಯೋಣವೆಂದರೆ ಗಂಟಲಿನಿಂದ “ದಯವಿಟ್ಟು ಲೈನಿನಲ್ಲೇ ಇರಿ” ಎಂಬ ಆ ಹೆಂಗಸಿನ ದನಿ ಬಂತು.

ಎದ್ದು ಮುಖ ತೊಳೆದು ಇದನ್ನು ಬರೆಯುತ್ತಿದ್ದೇನೆ. ಜನವರಿಯದ್ದನ್ನೂ ಬರೆದುಬಿಡಬೇಕು. ಅವಳು ಅಂದದ್ದನ್ನು ಮಾತ್ರ ಬರೆದಿದ್ದೇನೆ, ನಾನು ಅಂದದ್ದನ್ನು ಬರೆದಿಲ್ಲ.

ಅವತ್ತು ಒಂದು ಪುಟ್ಟ ಕೀಬೋರ್ಡ್ ತೆಗೆದುಕೊಂಡು ಹೋಗಿದ್ದೆ. ಅದರಲ್ಲಿ ‘ಚೆಲ್ಲೊ’ ಎಂಬ ಗುಂಡಿಯಿತ್ತು. “ನೋಡಮ್ಮ, ಒಂದು ಬೆರಳು ಸಾಕು, ನೋವಾಗಲ್ಲ” ಎಂದು ಅವಳ ಕೈ ಹಿಡಿದು ಒತ್ತಿಸಿದೆ. ಪ್ರೀತಿಯಿಂದಲೇ. ಅದರಿಂದ ಹೊರಟ ಶಬ್ದಕ್ಕೆ ಅವಳ ಮುಖ ಬಿಳಿಚಿಕೊಂಡಿತು. “ಇದು ಸಂಗೀತ ಅಲ್ಲ, ಸಂಗೀತದ ಹೆಣ. ತಗೊಂಡು ಹೋಗು” ಎಂದಳು. ಆಗ ನಾನು, “ನಿನ್ನ ಕೈಲಿ ಈಗ ಅಷ್ಟೂ ಆಗಲ್ಲವಲ್ಲ” ಎಂದೆ.

ಅಂದದ್ದು ಹೌದು. ನನ್ನ ನಾಲಿಗೆಗೆ ಬೆಂಕಿ ಬೀಳ. ಅವಳು ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

ಮಾರ್ಚ್ 28, ಶುಕ್ರವಾರ

ಸಂಗೀತ ತೆಗೆಯುತ್ತಾರಂತೆ. ಮಂಗಳವಾರದಿಂದ ಬೇರೆಯದು. ಕಾಯುವವರಿಗೆ ಎಚ್ಚರ ಇರಬೇಕು, ತಾಳ ಜೋರಾಗಿರಬೇಕು ಎಂದು ಮೇಲಿನಿಂದ ಕಾಗದ ಬಂದಿದೆ. ಆಯ್ತಲ್ಲ ಹೊಸ ಯಂತ್ರದಲ್ಲಿ ಅರ್ಧ ಗಂಟೆಯಲ್ಲಿ ಒಂದನ್ನು ಮಾಡಿಯೂ ಮುಗಿಸಿದರು. ಡಬಡಬ ಎನ್ನುತ್ತದೆ.

ಒಂದು ವಾರ ತಡೆಯಿರಿ ಎಂದು ಬೇಡಿಕೊಂಡೆ. ಈ ಹದಿನೆಂಟು ವರ್ಷದಲ್ಲಿ ನಾನು ಬೇಡಿದ್ದನ್ನು ಅವರು ನೋಡಿರಲಿಲ್ಲ. ಗಾಬರಿಯಾಗಿ ನೀರು ಕುಡಿಸಿದರು.

“ಯಾಕಮ್ಮ? ಅದೊಂದು ಫೋನಿನ ಹಾಡು ಅಷ್ಟೇ ಅಲ್ವಾ?”

ಹೇಗೆ ಹೇಳಲಿ. ನನ್ನ ದನಿ ಕೇಳಿದರೆ ಟಕ್ಕೆಂದು ಇಡುವವಳು ಅದೊಂದು ದಾರಿಯಲ್ಲಿ ಮಾತ್ರ ನನ್ನ ಮಾತು ಕೇಳುತ್ತಿದ್ದಾಳೆ. ಮಂಗಳವಾರ ಹನ್ನೊಂದಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತಾಳೆ, ಕಿವಿಗೆ ಡಬಡಬ ಬೀಳುತ್ತದೆ, ರಿಸೀವರ್ ಇಡುತ್ತಾಳೆ. ಆಮೇಲೆ ನಮ್ಮಿಬ್ಬರ ನಡುವೆ ಏನೂ ಇಲ್ಲ.

ಫೋನಕ್ಕನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಹನ್ನೊಂದು ಗಂಟೆಯ ಕರೆ ನಮ್ಮಮ್ಮನದು ಎಂದೆ.

“ಕಾಗದ ಬಂದ ಮೇಲೆ ನನ್ನ ಕೈಲಿ ಏನೂ ಇಲ್ಲ ಮೇಡಂ” ಎಂದರು. “ಆದ್ರೆ ಸೋಮವಾರದ ತನಕ ಫೋನು ಕೋಣೆ ನನ್ನದೇ. ಹತ್ತೂಮುಕ್ಕಾಲಿಗೆ ಬನ್ನಿ.”

ಮಾರ್ಚ್ 31, ಸೋಮವಾರ

ಫೋನು ಕೋಣೆ ನಾನಂದುಕೊಂಡದ್ದಕ್ಕಿಂತ ಚಿಕ್ಕದು. ಹನ್ನೊಂದು ಮೇಜು, ಹನ್ನೊಂದು ಹೆಡ್‌ಫೋನು, ಗೋಡೆಯ ತುಂಬ ನಗರದ ಪೈಪುಗಳ ನಕ್ಷೆ. ಎಲ್ಲರೂ ಸಣ್ಣ ದನಿಯಲ್ಲಿ ಮಾತಾಡುವುದರಿಂದ ಜೇನುಗೂಡಿನ ಹತ್ತಿರ ನಿಂತ ಹಾಗಿತ್ತು. ಫೋನಕ್ಕ ತಮ್ಮ ಕುರ್ಚಿ ಬಿಟ್ಟುಕೊಟ್ಟು, ಹೆಡ್‌ಫೋನನ್ನು ಸೆರಗಿನಿಂದ ಒರೆಸಿ ನನ್ನ ತಲೆಗೆ ಹಾಕಿದರು.

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ನಂಬರು ಬೆಳಗಿತು. ಹುಟ್ಟಿದಾಗಿನಿಂದ ಬಾಯಿಪಾಠವಾದ ನಂಬರು.

“ತಗೊಳ್ಳಿ” ಎಂದರು.

“ಒಂದು ಸುತ್ತು ಕೇಳ್ಲಿ” ಎಂದೆ.

ಕೇಳಿದಳು. ನನಗೆ ಸಂಗೀತ ಕೇಳಿಸುತ್ತಿರಲಿಲ್ಲ, ಸೆಕೆಂಡುಗಳು ಮಾತ್ರ ಕಾಣುತ್ತಿದ್ದವು. ಈಗ ಮೇಲೆ ಹೋಗುತ್ತಿದೆ, ಈಗ ಇಳಿಯಿತು, ಈಗ ಕೆಳಸ್ವರ, ತಡೆ. ಸುತ್ತು ತಿರುಗಿ ಆರಂಭಕ್ಕೆ ಬಂದಾಗ ಗುಂಡಿ ಒತ್ತಿದೆ. ಏನು ಹೇಳಬೇಕೆಂದು ಮೂರು ದಿನದಿಂದ ಕಟ್ಟಿಕೊಂಡಿದ್ದ ಮಾತೆಲ್ಲ ಹಾರಿಹೋಗಿ, ಹುಡುಗಿಯರು ಹೇಳುವುದನ್ನೇ ಹೇಳಿದೆ.

“ನೀರಿನ ಕಚೇರಿ, ಹೇಳಿ.”

ಉಸಿರು. ಟಕ್ ಎನ್ನುವುದಕ್ಕೆ ಕಾದೆ. ಎನ್ನಲಿಲ್ಲ.

“ಕಮಾನು ಬೇಗ ತಿರುಗಿಸಿದ್ದೀಯ” ಎಂದಳು ಅಮ್ಮ.

ಹೆಡ್‌ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿಕೊಂಡೆ.

“ಆ ಉದ್ದದ ಸ್ವರದಲ್ಲಿ. ಅದು ಒಂದೇ ಎಳೆತ. ಹಾಳೆ ನೋಡಿಲ್ವಾ?”

“ನೀನು ಹಾಗೇ ನುಡಿಸ್ತಿದ್ದೆ. ಯಾವಾಗ್ಲೂ.”

“ನಾನು ತಪ್ಪು ಮಾಡ್ತಿದ್ದೆ. ಮಕ್ಕಳಿಗೆ ಪಾಠ ಹೇಳ್ವಾಗ ಒಂದೇ ಎಳೆತ ಅಂತಿದ್ದೆ, ಮನೇಲಿ ಕತ್ತರಿಸ್ತಿದ್ದೆ. ಆ ತಪ್ಪು ಈ ಭೂಮಿ ಮೇಲೆ ನನಗೊಬ್ಬಳಿಗೆ ಗೊತ್ತು ಅಂದ್ಕೊಂಡಿದ್ದೆ. ಮೊದಲನೇ ದಿನ ಕೇಳಿದಾಗಲೇ ಗೊತ್ತಾಯ್ತು ಯಾರ ಕೆಲಸ ಅಂತ.” ಆಮೇಲೆ, “ಕೆಳ ತಂತಿ ಫೋನಿನಲ್ಲಿ ಹೇಗೆ ತಂದೆ?”

“ತಂದಿಲ್ಲಮ್ಮ. ಅಲ್ಲಿ ಅದಿಲ್ಲ. ನೀನು ಕೇಳಿಸ್ಕೊಳ್ತಿದ್ದೀಯ.”

“ಹೂಂ” ಎಂದಳು.

“ಅಮ್ಮಾ, ಅವತ್ತು ನಾನು ಹಾಗೆ ಅನ್ನಬಾರದಿತ್ತು.”

“ಅನ್ನಬಾರದಿತ್ತು. ನಾನೂ ಅನ್ನಬಾರದಿತ್ತು. ಈಗ ಕಮಾನಿನ ವಿಷಯ ಮಾತಾಡ್ತಿದ್ದೀನಿ, ಮಧ್ಯ ಅದನ್ನ ತರಬೇಡ. ಇನ್ನೊಂದು ಮಾತು. ನೀನು ಇದನ್ನ ಮುಗಿಸೋದೇ ಇಲ್ಲ! ಕೊನೇ ಸ್ವರ ಇಲ್ಲದೆ ಎಷ್ಟು ದಿನ ಅಂತ ಮನುಷ್ಯರು ಇರೋದು? ಭಾನುವಾರ ಬಂದು ಮುಗಿಸಿ ಹೋಗು. ಸರಿಯಾಗಿ, ಒಂದೇ ಎಳೆತದಲ್ಲಿ.”

“ಸರಿ.”

“ಇಡ್ತೀನಿ. ನಿಮ್ಮಣ್ಣ ಮೆಷಿನ್ ಹಾಕ್ಬೇಕಂತೆ.”

ಟಕ್.

ಹೆಡ್‌ಫೋನು ತೆಗೆದಾಗ ಕೋಣೆಯಲ್ಲಿ ಹನ್ನೊಂದು ಜನ ನನ್ನನ್ನೇ ನೋಡುತ್ತಿದ್ದರು. ಎಷ್ಟು ಜನರನ್ನು ಲೈನಿನಲ್ಲಿ ಕಾಯಿಸಿದ್ದರೋ. ಫೋನಕ್ಕ ಕನ್ನಡಕ ತೆಗೆದು ಒರೆಸುತ್ತ, “ನೀರಿನ ಸಮಸ್ಯೆ ಬಗೆಹರೀತಾ ಮೇಡಂ?” ಎಂದರು.

ಏಪ್ರಿಲ್ 6, ಭಾನುವಾರ

ಮುದುಕಿಯನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದೆ. ಸ್ಟಾಪಿನಿಂದ ಅಣ್ಣ ಹೊತ್ತುಕೊಂಡ. “ಹೆಣ ಹೊರೋಕೆ ಇನ್ನೂ ಮೂರು ಜನ ಬೇಕಿತ್ತು” ಎಂದು ಗೊಣಗಿ, ಆಮೇಲೆ ನಾಲಿಗೆ ಕಚ್ಚಿಕೊಂಡ. ನಾನು ಜೋರಾಗಿ ನಕ್ಕೆ. ಎಷ್ಟೋ ದಿನದ ಮೇಲೆ.

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು, ಪಾಠಕ್ಕೆ ಕೂರುವ ಹಾಗೆ. ತೆಳ್ಳಗಾಗಿದ್ದಾಳೆ. ಕೈಗಳು ಮಡಿಲಲ್ಲಿ, ಹೊರಗೇ ಇದ್ದವು. ಆ ಕೋಣೆಯಲ್ಲಿ ಪ್ಲಗ್ ಇರುವುದು ಒಂದೇ, ಗೋಡೆಯ ಕೆಳಗಡೆ, ಕುರ್ಚಿಯ ಬಲಕ್ಕೆ. ಮುದುಕಿಯ ವೈರು ಗಿಡ್ಡ. ಅವಳನ್ನು ನೆಲದ ಮೇಲೆ ಇಟ್ಟು ನಾನೂ ಅಲ್ಲೇ ಸಂದಿಯಲ್ಲಿ ತೂರಿಕೊಂಡು ಕೂತೆ. ಮೊಣಕಾಲು ಹಿಡಿಸುವುದಿಲ್ಲ ಈಗ.

ಬೆಚ್ಚಗಾಗಲು ಅರ್ಧ ಗಂಟೆ ಬೇಕು ಎಂದೆ. “ಕಾಯೋದು ಅಭ್ಯಾಸ ಆಗಿದೆ” ಎಂದಳು.

ಕಿಟಕಿಯಿಂದ ಬಿಸಿಲು ಅದೇ ಜಾಗದಲ್ಲಿ ಬೀಳುತ್ತಿತ್ತು. ಮುಂದಿನ ಕೋಣೆಯಲ್ಲಿ ಅಣ್ಣ ಕತ್ತರಿಯಿಂದ ಬಟ್ಟೆ ಸೀಳುವ ಸದ್ದು, ಬಿಟ್ಟರೆ ಏನಿಲ್ಲ. ನನಗೆ ತೂಕಡಿಕೆ ಬರುತ್ತಿತ್ತು.

ಆಮೇಲೆ ಚೆಲ್ಲೊ ಭಾಗವೊಂದನ್ನೇ ನುಡಿಸಿದೆ. ಫೋನಿಲ್ಲ, ಜರಡಿಯಿಲ್ಲ, ಕೆಳಸ್ವರ ನಿಜವಾಗಿಯೇ ಇತ್ತು, ನೆಲದ ಹಲಗೆಯಲ್ಲಿ ನಡುಗುತ್ತಿತ್ತು. ಅಮ್ಮ ಕಣ್ಣು ಮುಚ್ಚಿದಳು. ಬಲಗೈ ಮಡಿಲಿನಿಂದ ಮೇಲೆದ್ದು, ಬೆರಳು ಮಡಚಲಾಗದಿದ್ದರೂ, ಇಲ್ಲದ ಕಮಾನು ಹಿಡಿದು ಜೊತೆಗೆ ಎಳೆಯತೊಡಗಿತು. ಆ ಉದ್ದದ ಸ್ವರ ಬಂತು. ಹೇಳಿದ ಹಾಗೆಯೇ ತಡೆ ತೆಗೆದು ಒಂದೇ ಎಳೆತದಲ್ಲಿ ಹಿಡಿದೆ.

ಅವಳ ಕೈ ಬಲಕ್ಕೆ ಚಾಚುತ್ತ ಬಂದು, ನನ್ನ ಕಿವಿಯಿಂದ ಒಂದು ಗೇಣು ದೂರದಲ್ಲಿ ನಿಂತು, ಹಿಂದಕ್ಕೆ ತಿರುಗಿತು.

ನುಡಿಸುವುದನ್ನು ನಿಲ್ಲಿಸಿದೆ.

“ಅಮ್ಮಾ, ಒಂದೇ ಎಳೆತ ಅಂದವಳು ನೀನೇ.”

ಅವಳು ಕಣ್ಣು ತೆರೆದು ತನ್ನ ಕೈಯನ್ನು ನೋಡಿದಳು, ಆಮೇಲೆ ನನ್ನನ್ನು.

“ಪೂರ್ತಿ ಎಳೆದ್ರೆ ನಿನ್ನ ತಲೆಗೆ ತಾಗಲ್ವಾ?” ಎಂದಳು. “ಕೆಳ ತಂತಿಗೆ ಕೈ ಅಷ್ಟು ಕೆಳಗೆ ಬರತ್ತೆ. ಎಬ್ಬಿಸಿದ್ರೆ ಏಳ್ತಿರಲಿಲ್ಲ ನೀನು. ಏನ್ಮಾಡ್ಲಿ, ಕಮಾನೇ ತಿರುಗಿಸ್ತಿದ್ದೆ.”

ನಾನು ತಲೆ ತಗ್ಗಿಸಿ ಮುದುಕಿಯ ನಾಬ್‌ಗಳನ್ನು ಸುಮ್ಮನೆ ಆ ಕಡೆ ಈ ಕಡೆ ತಿರುಗಿಸಿದೆ. ಶ್ರುತಿ ಹಾಳಾಯಿತು. ಮತ್ತೆ ಸರಿಮಾಡಿ, ಮೊದಲಿನಿಂದ ಶುರುಮಾಡಿ, ಆ ಸ್ವರದ ಮುಕ್ಕಾಲು ದಾರಿಯಲ್ಲಿ ತಡೆ ಇಟ್ಟೆ. ಅವಳ ಕೈ ನನ್ನ ಕಿವಿಯ ಹತ್ತಿರ ಬಂದು ಸರಿಯಾಗಿ ಅಲ್ಲೇ ತಿರುಗಿತು.

ಕೊನೆಯ ಸ್ವರಕ್ಕೆ ಒಂದು ಹೆಜ್ಜೆಯಿತ್ತು. ಅಣ್ಣ ಮುಂದಿನ ಕೋಣೆಯಿಂದ, “ಮುಗೀತಾ? ಮೆಷಿನ್ ಹಾಕ್ಲಾ?” ಎಂದು ಕೂಗಿದ.

“ತಡಿ” ಎಂದೆವು, ಇಬ್ಬರೂ.